ಹುಣಸೆಮರದ ಅಪ್ಪ ಅಮ್ಮಂದಿರೂ ಬೆಣ್ಣೆರಾಯನ ಬಾಲವೂ

ಒಂದು ಕಾಡಿನಲ್ಲಿ ಮರಗಳಿಗಿಂತ ಆಜ್ಞೆಗಳೇ ಜಾಸ್ತಿ ಇದ್ದವು. ಅಲ್ಲಿನ ಸಿಂಹರಾಜನಿಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಆಜ್ಞೆ ಹೊರಡಿಸದಿದ್ದರೆ ತಿಂದಿದ್ದು ಅರಗುತ್ತಿರಲಿಲ್ಲ. ಅದನ್ನು ಸಾರುವ ಕೆಲಸ ಹದ್ದಿನದು. ಕಾಡಿನವರೆಲ್ಲ ಅವನನ್ನು ದಫೇದಾರ ಎಂದು ಕರೆಯುತ್ತಿದ್ದರು. ದಫೇದಾರ ಯಾವತ್ತೂ ನೆಲಕ್ಕಿಳಿದು ಮಾತಾಡಿದವನಲ್ಲ. ಮೇಲಿಂದಲೇ ಕಿರುಚುತ್ತಿದ್ದ. ಕೆಳಗಿದ್ದವರು "ಏನಂದ್ರಿ?" ಎಂದು ಕೇಳುವಷ್ಟರಲ್ಲಿ ಮಾಯ.

ಆ ಕಾಡಿನ ಎಲಚಿ ಪೊದೆಯಲ್ಲಿ ದುಂಡವ್ವ ಎಂಬ ಕಾಡುಹಂದಿ ಇದ್ದಳು. ಅವಳಿಗೆ ಏಳು ಮರಿ. ಆರು ಮರಿಗಳು ಅವಳ ಹಾಗೇ ದುಂಡಗೆ, ಗುಡ್ಡದ ಮೇಲಿಂದ ತಳ್ಳಿದರೆ ನೇರ ಕೆರೆಗೇ ಉರುಳಬೇಕು, ಹಾಗೆ. ಏಳನೆಯವನು ಮಾತ್ರ ಬಡಕಲು. ಅವನ ಹೆಸರೇ ಕಡ್ಡಿ. ಜೋರು ಗಾಳಿ ಬೀಸಿದರೆ ದುಂಡವ್ವ ಅವನ ಬಾಲದ ಮೇಲೆ ಕಾಲಿಟ್ಟುಕೊಂಡು ನಿಲ್ಲುತ್ತಿದ್ದಳು. ಅವನು ಹುಟ್ಟಿದಾಗ "ಇದು ಬದುಕೋ ಮರಿಯಲ್ಲ" ಎಂದು ಮೂರು ಮಂದಿ ಹೇಳಿದ್ದರು. ಆ ಮೂವರ ಜೊತೆ ದುಂಡವ್ವ ಮಾತು ಬಿಟ್ಟು ಬಹಳ ದಿನವಾಗಿತ್ತು.

ಹಿಂದೊಮ್ಮೆ ಆ ಕಾಡಿಗೆ ಕೆಂಗಣ್ಣು ಜ್ವರ ಬಂದಿತ್ತು. ಎಷ್ಟೋ ಮರಿಗಳನ್ನು ಹೊತ್ತುಕೊಂಡು ಹೋಗಿತ್ತು. ಆಮೇಲೆ ಮುಳ್ಳಜ್ಜಿ ಎಂಬ ಮುಳ್ಳುಹಂದಿ ಅದಕ್ಕೊಂದು ಮದ್ದು ಕಂಡುಹಿಡಿದಳು. ತನ್ನ ಬೆನ್ನಿನದೇ ಒಂದು ಮುಳ್ಳು ಕೀಳುವುದು, ಮದ್ದಿನಲ್ಲಿ ಅದ್ದುವುದು, ಮರಿಯ ಕಿವಿಯ ಹಿಂದೆ ಒಂದು ಸಲ ಚುಚ್ಚುವುದು. ಅಷ್ಟೇ. ಚುಚ್ಚಿದ ಕಡೆ ಎಳ್ಳಿನಷ್ಟು ಬಿಳಿ ಗುರುತು ಉಳಿಯುತ್ತಿತ್ತು. ಮುಳ್ಳಜ್ಜಿ ಒಳ್ಳೆಯವಳು. ಆದರೆ ಅವಳ ಗುಹೆ ದೂರ, ಮಾತು ಕಡಿಮೆ. ಅದೂ ಅಲ್ಲದೆ, ಮೈಯೆಲ್ಲ ಮುಳ್ಳಿರುವವರ ಪಕ್ಕ ಕೂತು ಹರಟೆ ಹೊಡೆಯಲು ಯಾರಿಗೆ ಧೈರ್ಯ?

ಒಂದು ದಿನ ದಫೇದಾರ ಆಕಾಶದಲ್ಲಿ ಮೂರು ಸುತ್ತು ಹಾಕಿ ಕಿರುಚಿದ.

"ಕೇಳಿರಿ! ಕಿವಿ ಹಿಂದೆ ಗುರುತಿಲ್ಲದ ಮರಿಗೆ ನಾಳೆಯಿಂದ ಆಲದಮರದ ಶಾಲೆಯಲ್ಲಿ ಜಾಗವಿಲ್ಲ! ಇದು ರಾಜಾಜ್ಞೆ! ಪ್ರಶ್ನೆ ಕೇಳುವಂತಿಲ್ಲ!"

ದುಂಡವ್ವ ಮೂತಿ ಮೇಲೆತ್ತಿದಳು. "ಏಯ್ ದಫೇದಾರ, ಒಂಚೂರು ಕೆಳಗಿಳಿಯಪ್ಪ. ಹೋದ ವರ್ಷ ನನ್ನ ದೊಡ್ಡ ಮಗನಿಗೆ ಚುಚ್ಚಿಸಿದೆ. ಎರಡು ದಿನ ಮೈ ಸುಟ್ಟು ಕುಂಟಿದ. ಅವನೇನೋ ಗಟ್ಟಿ, ಮೂರನೇ ದಿನ ಎದ್ದು ಗೆಣಸು ಕದ್ದ. ಆದ್ರೆ ನನ್ನ ಕಡ್ಡಿ ತಡ್ಕೊಳ್ತಾನಾ?"

"ಪ್ರಶ್ನೆ ಕೇಳುವಂತಿಲ್ಲ ಅಂತ ಈಗ ತಾನೇ ಹೇಳಿದೆನಲ್ಲ!"

"ನಾನು ಕೇಳಿದ್ದು ಪ್ರಶ್ನೆ ಅಲ್ಲಪ್ಪ, ಸಂಕಟ."

"ಸಂಕಟವನ್ನೂ ಕೇಳುವಂತಿಲ್ಲ!"

ದಫೇದಾರ ಹಾರಿಹೋದ. ಹೋಗುವಾಗ ಒಂದು ಹಿಕ್ಕೆಯನ್ನೂ ಉದುರಿಸಿ ಹೋದ. ದುಂಡವ್ವನಿಗೆ ಆಜ್ಞೆಗಿಂತ ಅದರ ಮೇಲೇ ಹೆಚ್ಚು ಸಿಟ್ಟು ಬಂತು.

ಮಾರನೆಯ ದಿನ ಆಲದಮರದ ಶಾಲೆಯ ಬಾಗಿಲಲ್ಲಿ ಎರಡು ತೋಳಗಳು ನಿಂತು ಎಲ್ಲ ಮರಿಗಳ ಕಿವಿ ಮಡಚಿ ನೋಡಿದವು. ಗುರುತಿಲ್ಲದ ಮರಿಗಳೆಲ್ಲ ಅಳುತ್ತಾ ವಾಪಸು ಬಂದವು. ಮಕ್ಕಳಿಗೆ ಆ ಶಾಲೆ ಎಂದರೆ ಪ್ರಾಣ. ಯಾಕೆಂದರೆ ಪಾಠ ಹೇಳುವ ಗೂಬೆ ಮೇಷ್ಟ್ರು ಹಗಲಿಡೀ ನಿದ್ದೆ ಮಾಡುತ್ತಿದ್ದರು. ಅಂಥ ಶಾಲೆ ಬೇರೆಲ್ಲಿ ಸಿಗಬೇಕು?

ಬರುವ ದಾರಿಯಲ್ಲಿ ಒಂದು ಹುಣಸೆಮರವಿತ್ತು. ಅಳುವ ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ಅಲ್ಲೇ ನಿಂತರು. ಚುಕ್ಕಿ ಎಂಬ ಜಿಂಕೆ ಬಂದಳು. ಕೆಂಚಣ್ಣ ಎಂಬ ಮುಂಗುಸಿ ಬಂದ. ಮೊಮ್ಮಕ್ಕಳನ್ನು ಹೊಟ್ಟೆಗೆ ನೇತುಹಾಕಿಕೊಂಡು ತಿಪ್ಪಜ್ಜಿ ಎಂಬ ಮುದಿ ಕೋತಿ ಬಂದಳು. ಮಕ್ಕಳು ಅತ್ತರು. ಅಮ್ಮಂದಿರು ಬೈದರು. ಅಪ್ಪಂದಿರು ಬಾಲ ಅಲ್ಲಾಡಿಸಿ "ಏನಾದ್ರೂ ಮಾಡ್ಬೇಕು" ಎಂದರು. ಚಳವಳಿಗಳು ಶುರುವಾಗುವುದೇ ಹೀಗೆ.

"ಏನು ಮಾಡ್ಬೇಕು ಅಂತ ಹೇಳ್ರೋ, ಬಾಲ ಆಮೇಲೆ ಅಲ್ಲಾಡಿಸುವಿರಂತೆ" ಎಂದಳು ದುಂಡವ್ವ.

ಕೊನೆಗೆ ಅವಳೇ ಹೇಳಿದಳು. ಕಾಡಂಚಿನ ಹೊಲಗಳಲ್ಲಿ ಕಡಲೆಕಾಯಿ ಕದಿಯಲು ಹೋದಾಗ ಅವಳು ಮನುಷ್ಯರ ಒಂದು ಪದ್ಧತಿ ನೋಡಿದ್ದಳು. ಅದಕ್ಕೆ ಮುಯ್ಯಿ ಎಂದು ಹೆಸರು. ಇವತ್ತು ಎಲ್ಲರೂ ಸೇರಿ ನಿನ್ನ ಹೊಲದಲ್ಲಿ ದುಡಿಯುವುದು, ನಾಳೆ ಎಲ್ಲರೂ ಸೇರಿ ನನ್ನ ಹೊಲದಲ್ಲಿ. ಕೂಲಿ ಇಲ್ಲ, ಕರಾರು ಇಲ್ಲ. ಆದರೆ ಮುಯ್ಯಿ ತಿಂದವನು ಮುಯ್ಯಿ ತೀರಿಸಲೇಬೇಕು. ತೀರಿಸದವನಿಗೆ ಊರಲ್ಲಿ ಮುಖವಿಲ್ಲ.

"ಹಂಗೇ ನಾವೂ ಮಾಡಾಣ" ಎಂದಳು ದುಂಡವ್ವ. "ಈ ಮರದ ಕೆಳಗೇ ನಮ್ಮ ಶಾಲೆ. ಇವತ್ತು ನಾನು ಎಲ್ಲರ ಮಕ್ಕಳನ್ನ ನೋಡ್ತೀನಿ, ನಾಳೆ ಚುಕ್ಕಿ, ನಾಡಿದ್ದು ಕೆಂಚಣ್ಣ. ದಿನಾ ಸಂಜೆ ಕೂತು ಮಾತಾಡಾಣ. ರಾಜ ನಮ್ಮ ಮಾತು ಕೇಳೋವರೆಗೂ."

ಎಲ್ಲರೂ ಒಪ್ಪಿದರು. ಅಂದಿನಿಂದ ಹುಣಸೆಮರದ ಕೆಳಗೆ ಮುಯ್ಯಿ ಶಾಲೆ ನಡೆಯಿತು. ದುಂಡವ್ವ ನೆಲ ಅಗೆಯುವುದನ್ನು ಕಲಿಸಿದಳು. ಚುಕ್ಕಿ ಓಡುವುದನ್ನು ಕಲಿಸಿದಳು. ಕೆಂಚಣ್ಣ ಹಾವಿನ ಮುಂದೆ ಹೆದರದ ಹಾಗೆ ನಟಿಸುವುದನ್ನು ಕಲಿಸಿದ. "ಒಳಗೆ ಹೆದರಿಕೆ ಇರ್ಲಿ, ಬಾಲ ಮಾತ್ರ ನೆಟ್ಟಗಿರ್ಲಿ" ಎಂಬುದು ಅವನ ಮೊದಲ ಪಾಠ, ಕೊನೆಯ ಪಾಠವೂ ಅದೇ. ತಿಪ್ಪಜ್ಜಿಗೆ ಏನೂ ಬರುತ್ತಿರಲಿಲ್ಲ. ಅವಳು ಹೇನು ನೋಡುತ್ತಿದ್ದಳು. ಹಂದಿ, ಜಿಂಕೆ, ಮುಂಗುಸಿ ಎಂಬ ಭೇದವಿಲ್ಲ. ಎದುರಿಗೆ ಒಂದು ತಲೆ ಕಂಡರೆ ಸಾಕು, ಹಿಡಿದು ಕೂರಿಸಿ ಕೂದಲು ಬಿಡಿಸಿಬಿಡುತ್ತಿದ್ದಳು.

ಮೊದಲೆಲ್ಲ ಚುಕ್ಕಿ ದುಂಡವ್ವನ ಪೊದೆಯ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದಳು. ಈಗ "ಅಕ್ಕಾ, ಎದ್ಯಾ?" ಎಂದು ಬೆಳಿಗ್ಗೆಯೇ ಕೂಗುತ್ತಿದ್ದಳು. ಕಡ್ಡಿಗೆ ಕೆಮ್ಮು ಬಂದ ದಿನ ಕೆಂಚಣ್ಣ ಜೇನು ತಂದುಕೊಟ್ಟ. ಜೇನು ಕೀಳಲು ಹೋಗಿ ಅವನ ಮೂತಿ ಬದನೆಕಾಯಿಯಷ್ಟು ಊದಿತ್ತು. ಆದರೂ ನಗುತ್ತಿದ್ದ. ನಗುತ್ತಿದ್ದನೋ, ಊದಿದ್ದಕ್ಕೆ ಹಾಗೆ ಕಾಣುತ್ತಿತ್ತೋ, ಹೇಳುವುದು ಕಷ್ಟ. ದುಂಡವ್ವನಿಗೆ ಮಾತ್ರ ಕಣ್ಣು ತುಂಬಿ ಬಂತು. ಏಳು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದವಳಿಗೆ, ನೆಂಟರಿಷ್ಟರು ಅಂದರೆ ಏನು ಅಂತ ಆವತ್ತು ಗೊತ್ತಾಯಿತು.

ಇಷ್ಟು ಜನ ಒಂದು ಕಡೆ ಸೇರಿದ ಮೇಲೆ ನರಿ ಬರದೆ ಇರುತ್ತದೆಯೇ? ಬಂತು.

ಅವನ ಹೆಸರು ಬೆಣ್ಣೆರಾಯ. ಕಾಡಿನಲ್ಲೇ ಅತಿ ಚಂದದ ಬಾಲ ಅವನದು. ಮಾತಾಡುವಾಗ ಆ ಬಾಲವನ್ನು ಹೆಗಲ ಮೇಲೆ ಶಲ್ಯದ ಹಾಗೆ ಹಾಕಿಕೊಳ್ಳುತ್ತಿದ್ದ. ಒಂದು ಸಂಜೆ ಹುಣಸೆಮರದ ಬೇರಿನ ಮೇಲೆ ಹತ್ತಿ ನಿಂತು ಗಂಟಲು ಸರಿಮಾಡಿಕೊಂಡ.

"ತಾಯಂದಿರೇ, ತಂದೆಯಂದಿರೇ! ನಾನೂ ಮೂರು ಮರಿಗಳ ಅಪ್ಪ. ನಿಮ್ಮ ಕಣ್ಣೀರು ನನ್ನ ಕಣ್ಣೀರು. ನಿಮಗೆ ಒಂದು ಗುಟ್ಟು ಹೇಳಲೇ? ಆ ಮುಳ್ಳು ಚುಚ್ಚಿಸಿಕೊಂಡ ಮರಿಗೆ ಆರು ತಿಂಗಳಲ್ಲಿ ಬೆನ್ನ ಮೇಲೆ ಮುಳ್ಳು ಹುಟ್ಟುತ್ತದೆ!"

ಎಲ್ಲರೂ ಹೌಹಾರಿದರು. ಚುಕ್ಕಿ ಮಗಳ ಬೆನ್ನು ಮುಟ್ಟಿ ನೋಡಿದಳು. ಕೆಂಚಣ್ಣ ತನ್ನದೇ ಬೆನ್ನು ಮುಟ್ಟಿ ನೋಡಿಕೊಂಡ.

"ನನ್ನ ದೊಡ್ಡ ಮಗನಿಗೆ ಹುಟ್ಟಿಲ್ಲವಲ್ಲ?" ಎಂದಳು ದುಂಡವ್ವ.

"ಅವನ ಬೆನ್ನ ಮೇಲೆ ಕೂದಲು ನೆಟ್ಟಗೆ ನಿಂತಿದೆಯೋ ಇಲ್ಲವೋ?"

"ಹಂದಿ ಅಂದ್ಮೇಲೆ ನಿಂತೇ ಇರುತ್ತಪ್ಪ."

"ಹಾಂ! ಶುರುವಾಗಿದೆ!" ಎಂದ ಬೆಣ್ಣೆರಾಯ.

ದುಂಡವ್ವನಿಗೆ ಇದು ಅಷ್ಟು ಸರಿ ಕಾಣಲಿಲ್ಲ. ಆದರೆ ಹೆದರಿದ ತಾಯಿಗೆ ಪೂರ್ತಿ ನಂಬಿಕೆ ಬೇಕಿಲ್ಲ, ಅರ್ಧ ಸಾಕು. ಕಡ್ಡಿಯ ಸಣ್ಣ ಬೆನ್ನು ನೋಡಿದಳು, ಸುಮ್ಮನಾದಳು. ದಫೇದಾರ ಉತ್ತರವನ್ನೇ ಕೊಟ್ಟಿರಲಿಲ್ಲ. ಇವನು ಸುಳ್ಳೋ ನಿಜವೋ, ಪಕ್ಕದಲ್ಲಿ ಕೂತು ಒಂದು ಉತ್ತರವನ್ನಾದರೂ ಕೊಟ್ಟ.

ಅಂದಿನಿಂದ ಬೆಣ್ಣೆರಾಯನೇ ಮುಂದಾಳು. ಅವನು ಒಂದು ತಾಯತವನ್ನೂ ಕೊಡತೊಡಗಿದ. ಯಾವುದೋ ಬೇರಿನ ಚೂರು, ಅದಕ್ಕೊಂದು ಬಳ್ಳಿ. "ಇದು ಕೊರಳಲ್ಲಿದ್ದರೆ ಕೆಂಗಣ್ಣು ಜ್ವರ ಹತ್ತು ಮಾರು ದೂರ ನಿಂತು ಕೈ ಮುಗಿಯುತ್ತದೆ. ನನಗೇನೂ ಬೇಡ. ಪ್ರೀತಿಯಿಂದ ದಿನಕ್ಕೊಂದು ತುತ್ತು ಕೊಟ್ಟರೆ ಸಾಕು." ಎಲ್ಲರೂ ಪ್ರೀತಿಯಿಂದ ಕೊಟ್ಟರು. ದುಂಡವ್ವ ಗೆಣಸು ಕೊಟ್ಟಳು. ಕೆಂಚಣ್ಣ ಮೊಟ್ಟೆ ಕೊಟ್ಟ. ಬೆಣ್ಣೆರಾಯನ ಹೊಟ್ಟೆ ಕುಂಬಳಕಾಯಿಯಾಯಿತು. ಯಾರಾದರೂ "ರಾಜನ ಹತ್ತಿರ ಹೋಗಿ ಮಾತಾಡಾಣ" ಎಂದರೆ "ಇನ್ನೂ ಕಾಲ ಕೂಡಿಲ್ಲ" ಎನ್ನುತ್ತಿದ್ದ. "ಮುಳ್ಳಜ್ಜಿಯನ್ನಾದ್ರೂ ಕೇಳಾಣ" ಎಂದರೆ "ಶತ್ರುವಿನ ಮನೆಗೆ ಹೋಗುವುದೇ?" ಎನ್ನುತ್ತಿದ್ದ. ಜಗಳ ಮುಗಿದರೆ ಊಟವೂ ಮುಗಿಯುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತಿದ್ದ ಪಾಠ.

ಆದರೆ ಮುಯ್ಯಿ ಅಂದರೆ ಮುಯ್ಯಿ. ಒಂದು ಸಂಜೆ ದುಂಡವ್ವನೇ ಮಾತೆತ್ತಿದಳು. ಅವಳ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ, ಬರೀ ಅಕ್ಕರೆ.

"ಅಲ್ಲ ಬೆಣ್ಣೆರಾಯಪ್ಪ, ನಮಗೋಸ್ಕರ ಇಷ್ಟು ಒದ್ದಾಡ್ತೀಯ. ನಿನ್ನ ಮೂರು ಮರಿಗಳು ಪಾಪ ಗವಿಯಲ್ಲಿ ಒಂಟಿ. ನಾಳೆಯಿಂದ ಅವನ್ನೂ ಇಲ್ಲಿಗೆ ಕಳ್ಸು. ನಿನ್ನ ಮುಯ್ಯಿ ನಾವು ತೀರಿಸ್ಬೇಕಲ್ಲ?"

ಬೆಣ್ಣೆರಾಯನ ಬಾಲ ಹೆಗಲಿಂದ ಜಾರಿತು. "ಬೇಡ ಬೇಡ! ಅವು ತುಂಬ ನಾಚಿಕೆ ಸ್ವಭಾವದವು."

"ನರಿ ಮರಿಗೆ ನಾಚಿಕೆಯಾ!" ಎಂದು ಕೆಂಚಣ್ಣ ನಕ್ಕ. "ಕಳ್ಸಪ್ಪ, ಹೆದರ್ಬೇಡ. ನಾವೇನು ತಿಂದುಬಿಡ್ತೀವಾ? ಆ ಹೆದರಿಕೆ ನಮಗಿರ್ಬೇಕಾದ್ದು."

ಎಲ್ಲರೂ ನಕ್ಕರು. ಬೇಡ ಎಂದರೆ ಅನುಮಾನ ಬರುತ್ತದೆ. ಬೆಣ್ಣೆರಾಯನೂ ನಕ್ಕ, ಹಲ್ಲಿನಲ್ಲಿ ಮಾತ್ರ.

ಮರುದಿನ ಮೂರು ನರಿ ಮರಿಗಳು ಬಂದವು. ಕಿವಿಯ ಸುತ್ತ ಕೆಸರೋ ಕೆಸರು. "ಸೊಳ್ಳೆ ಕಚ್ಚಬಾರದು ಅಂತ ಮೆತ್ತಿದ್ದೇನೆ, ಯಾರೂ ತೊಳೆಯಬೇಡಿ" ಎಂದು ಹತ್ತು ಸಲ ಹೇಳಿ ಬೆಣ್ಣೆರಾಯ ಹೋದ. ದುಂಡವ್ವ ತೊಳೆಯಲಿಲ್ಲ. ಹಂದಿಗೆ ಕೆಸರು ಕಂಡರೆ ತೊಳೆಯಬೇಕು ಅಂತ ಅನ್ನಿಸುವುದಾದರೂ ಯಾಕೆ?

ಆದರೆ ಆವತ್ತಿನ ಸರದಿ ತಿಪ್ಪಜ್ಜಿಯದು.

"ಬಾರೋ ಮರಿ, ತಲೆ ಕೊಡು ಇಲ್ಲಿ" ಎಂದು ಒಂದು ಮರಿಯನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡಳು. ಒಣಗಿದ ಕೆಸರನ್ನು ಉಗುರಿನಿಂದ ಹೆರೆದಳು. ಒಂದು ಹೇನು ಸಿಕ್ಕಿತು, ಬಾಯಿಗೆ ಹಾಕಿಕೊಂಡಳು. ಇನ್ನೊಂದು ಸಿಕ್ಕಿತು, ಹಾಕಿಕೊಂಡಳು. ಮೂರನೆಯದು ಬಿಳಿಯದು. ಕಿತ್ತಳು, ಬರಲಿಲ್ಲ. ಜಗ್ಗಿದಳು.

"ಅಯ್ಯೋ ಅಜ್ಜೀ! ಅದು ಹೇನಲ್ಲ, ಗುರುತು!" ಎಂದು ಮರಿ ಕಿರುಚಿತು.

ತಿಪ್ಪಜ್ಜಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. "ದುಂಡೀ, ಬಾ ಇಲ್ಲಿ. ಏನೋ ಎಳ್ಳಿನಷ್ಟು ಬೆಳ್ಳಗೆ ಕಾಣ್ತದೆ. ನನ್ನ ಕಣ್ಣು ಮಂಜು, ನೀನೇ ನೋಡು."

ದುಂಡವ್ವ ಬಗ್ಗಿ ನೋಡಿದಳು. ಎರಡನೇ ಮರಿಯ ಕಿವಿ ನೋಡಿದಳು. ಮೂರನೆಯದನ್ನೂ ನೋಡಿದಳು. ಮೂರಕ್ಕೂ ಗುರುತಿತ್ತು.

"ಯಾವಾಗ ಚುಚ್ಚಿಸ್ಕೊಂಡ್ರಿ ಮರಿ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲರಿಗಿಂತ ಮೊದ್ಲು!" ಎಂದಿತು ಮರಿ, ಹೆಮ್ಮೆಯಿಂದ. "ಅಪ್ಪಾನೇ ಕರ್ಕೊಂಡು ಹೋದ. ಮುಳ್ಳಜ್ಜಿ ಮುಂದೆ ಅಪ್ಪ ಅತ್ತುಬಿಟ್ಟ. ಹೋದ ಸಲ ಜ್ವರಕ್ಕೆ ನಮ್ಮ ಅಕ್ಕ ಸತ್ತುಹೋದ್ಲಲ್ಲ, ಅದಕ್ಕೆ."

ಕೆಂಚಣ್ಣ ಹತ್ತಿರ ಬಂದು ಮರಿಯ ಬೆನ್ನು ತಡವಿ ನೋಡಿದ.

"ಬೆನ್ನ ಮೇಲೆ ಮುಳ್ಳು ಬಂತೇನೋ?" ಎಂದ ಕೆಂಚಣ್ಣ.

"ಇಲ್ಲ ಮಾವ. ಹೇನು ಬಂದಿದೆ, ಅಷ್ಟೇ."

ದುಂಡವ್ವ ತನ್ನ ಕೊರಳಿನ ತಾಯತ ಮೂಸಿ ನೋಡಿದಳು. ಆಮೇಲೆ ಕಡಿದು ನೋಡಿದಳು. ಅದು ಅವಳೇ ಕೊಟ್ಟ ಗೆಣಸಿನ ಬುಡ.

ಸಂಜೆ ಬೆಣ್ಣೆರಾಯ ಬಾಲ ಹೆಗಲಿಗೇರಿಸಿ ಬಂದಾಗ ಅವನ ಮೂರು ಮರಿಗಳೂ ತೊಳೆದ ಕಿವಿಗಳೊಂದಿಗೆ ಸಾಲಾಗಿ ಕೂತಿದ್ದವು. ಅವನು ಎಡಕ್ಕೆ ನೋಡಿದ, ಅಲ್ಲಿ ದುಂಡವ್ವ. ಬಲಕ್ಕೆ ನೋಡಿದ, ಕೆಂಚಣ್ಣ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟ, ಬಾಲ ತಿಪ್ಪಜ್ಜಿಯ ಕೈಯಲ್ಲಿತ್ತು.

"ನಿನ್ನ ಮಗಳು ಹೋದದ್ದಕ್ಕೆ ನನಗೂ ಹೊಟ್ಟೆ ಉರೀತದೆ ಬೆಣ್ಣೆರಾಯ" ಎಂದಳು ದುಂಡವ್ವ. "ಆದ್ರೆ ನಿನ್ನ ಮಕ್ಕಳಿಗೆ ಮದ್ದು, ನನ್ನ ಮಕ್ಕಳಿಗೆ ಗೆಣಸಿನ ಬುಡಾನಾ?"

ಬೆಣ್ಣೆರಾಯನ ಬಾಯಲ್ಲಿ ಬೆಣ್ಣೆ ಒಣಗಿಹೋಗಿತ್ತು.

"ನಡೀರಿ, ಈಗ್ಲೇ ಹೋಗಿ ರಾಜನ ಕಾಲಿಗೆ ಬೀಳಾಣ" ಎಂದಳು ಚುಕ್ಕಿ.

"ಯಾಕೆ ಬೀಳ್ಬೇಕು?" ಎಂದಳು ದುಂಡವ್ವ. "ನರಿ ಸುಳ್ಳು ಹೇಳ್ತು ಅಂದ್ರೆ ಹದ್ದು ಮಾಡಿದ್ದು ಸರಿ ಅಂತಾಗಲ್ಲ. ನಾನು ಕೇಳಿದ್ದ ಸಂಕಟ ಇನ್ನೂ ಹಂಗೇ ಇದೆ. ನಾವು ಮಾಡಿದ ತಪ್ಪು ಒಂದೇ. ಮದ್ದು ಮಾಡೋಳನ್ನ ಬಿಟ್ಟು ಕಾಡಿನವರನ್ನೆಲ್ಲ ಕೇಳಿದ್ವಿ. ನಡೀರಿ ಮುಳ್ಳಜ್ಜಿ ಹತ್ರ."

ಹೋದರು. ಮಕ್ಕಳು ಮರಿಗಳ ಸಮೇತ ಇಡೀ ಹುಣಸೆಮರದ ದಂಡೇ ಹೋಯಿತು. ಗುಹೆಯ ಮುಂದೆ ಮುಳ್ಳಜ್ಜಿ ಒಬ್ಬಳೇ ಕೂತು ಮದ್ದು ಅರೆಯುತ್ತಿದ್ದಳು. ಇಷ್ಟು ಜನರನ್ನು ಒಟ್ಟಿಗೆ ನೋಡಿ ಗಾಬರಿಯಿಂದ ಮುಳ್ಳು ನಿಗುರಿಸಿದಳು.

"ಹೊಡೆಯೋಕೆ ಬಂದಿಲ್ಲ ಅಜ್ಜಿ, ಕೇಳೋಕೆ ಬಂದಿದೀವಿ" ಎಂದಳು ದುಂಡವ್ವ.

"ಕೇಳೋಕಾ? ನನ್ನನ್ನಾ?" ಮುಳ್ಳಜ್ಜಿಯ ಮುಳ್ಳುಗಳು ಒಂದೊಂದಾಗಿ ಮಲಗಿದವು. "ಕೂತ್ಕೊಳ್ರವ್ವ. ಮೂರು ವರ್ಷದಿಂದ ಚುಚ್ತಾ ಇದೀನಿ. ಬಂದೋರೆಲ್ಲ 'ಬೇಗ ಚುಚ್ಚು' ಅಂದ್ರು, ಇಲ್ಲಾಂದ್ರೆ 'ಬೇಡ' ಅಂತ ಓಡಿದ್ರು. ಏನು ಅಂತ ಕೇಳಿದೋರು ನೀವೇ ಮೊದಲು."

"ಬೆಣ್ಣೆರಾಯನ ಮರಿಗಳಿಗೆ ಚುಚ್ಚಿದ್ದನ್ನ ನೀನಾದ್ರೂ ಹೇಳ್ಬಾರದಿತ್ತಾ?" ಎಂದಳು ದುಂಡವ್ವ.

"ಒಬ್ಬರ ಮನೆ ಸುದ್ದಿ ಇನ್ನೊಬ್ಬರಿಗೆ ಹೇಳಲ್ಲ ನಾನು. ನಿನ್ನ ಮಕ್ಕಳದ್ದೂ ಹೇಳಲ್ಲ."

ದುಂಡವ್ವನಿಗೆ ಆ ಮಾತು ಹಿಡಿಸಿತು. "ಸರಿ. ಆ ಮುಳ್ಳಲ್ಲಿ ಏನಿರುತ್ತೆ ಹೇಳು."

ಮುಳ್ಳಜ್ಜಿ ಸ್ವಲ್ಪ ಯೋಚಿಸಿದಳು. "ಹುರಿದ ಕಡಲೆಕಾಯಿ ನೆಟ್ಟರೆ ಹುಟ್ತದಾ?"

"ಇಲ್ಲ."

"ಅದರ ವಾಸನೆ ನಿನ್ನ ಮೂತಿಗೆ ಗೊತ್ತಾ?"

"ಮೂರು ಹೊಲದಾಚೆ ಇದ್ರೂ ಗೊತ್ತಾಗ್ತದೆ!"

"ಹಂಗೇ ಇದು. ಜ್ವರದ ಬೀಜ ಹುರಿದು ಚುಚ್ತೀನಿ. ಅದು ಹುಟ್ಟಲ್ಲ. ಆದ್ರೆ ಮೈಗೆ ವಾಸನೆ ಗೊತ್ತಾಗ್ತದೆ. ನಾಳೆ ನಿಜವಾದ ಜ್ವರ ಬಂದ್ರೆ ಬೇಲಿ ಹತ್ರನೇ ಮೈ ಅದನ್ನ ಹಿಡ್ಕೊಂಡು ಬಡೀತದೆ. ಹೌದು, ಕೆಲವು ಮರಿಗೆ ಒಂದೆರಡು ದಿನ ಮೈ ಬಿಸಿಯಾಗ್ತದೆ, ಕಾಲು ನೋಯ್ತದೆ. ಮೈ ವಾಸನೆ ಕಲೀತಾ ಇದೆ ಅಂತ ಅರ್ಥ. ನೂರಕ್ಕೋ ಸಾವಿರಕ್ಕೋ ಒಂದಕ್ಕೆ ಮೈಯೆಲ್ಲ ದದ್ದು ಏಳ್ತದೆ. ಅದಕ್ಕೇ ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಇಲ್ಲೇ ಕೂರಿಸ್ಕೋತೀನಿ. ಸುಳ್ಳು ಹೇಳಲ್ಲ."

"ಇದನ್ನ ದಫೇದಾರ ಹೇಳಿದ್ರೆ ಅವನ ಗಂಟು ಏನು ಹೋಗ್ತಿತ್ತು!" ಎಂದ ಕೆಂಚಣ್ಣ.

ಎಲ್ಲರೂ ಒಂದೊಂದು ಕೇಳಿದರು. ಚುಕ್ಕಿ ಹದಿನಾಲ್ಕು ಕೇಳಿದಳು. ಮುಳ್ಳಜ್ಜಿ ಗೊತ್ತಿದ್ದನ್ನು ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎಂದಾಗಲೇ ದುಂಡವ್ವನಿಗೆ ಅವಳ ಮೇಲೆ ಪೂರ್ತಿ ನಂಬಿಕೆ ಬಂತು.

"ಹಂಗಾದ್ರೆ ನನ್ನ ಮಕ್ಕಳಿಂದಲೇ ಶುರು ಮಾಡು" ಎಂದು, ಗುರುತಿದ್ದ ದೊಡ್ಡವನನ್ನು ಬಿಟ್ಟು ಉಳಿದ ಆರನ್ನೂ ಸಾಲಾಗಿ ನಿಲ್ಲಿಸಿದಳು.

ಚುಚ್ಚುವಾಗ ಮರಿಗಳಿಗೆ ಕಚ್ಚಿಕೊಳ್ಳಲು ಏನಾದರೂ ಬೇಕಲ್ಲ? ತಿಪ್ಪಜ್ಜಿ ಆಚೀಚೆ ನೋಡಿದಳು. ಅವಳ ಕೈಯಲ್ಲಿ ಬೆಣ್ಣೆರಾಯನ ಬಾಲ ಇನ್ನೂ ಹಾಗೇ ಇತ್ತು.

"ಮುಯ್ಯಿ ತಿಂದವನು ತೀರಿಸ್ಬೇಕಪ್ಪ" ಎಂದಳು ದುಂಡವ್ವ. "ಇಷ್ಟು ದಿನ ನಮ್ಮೆಲ್ಲರ ತುತ್ತು ತಿಂದಿದೀಯ. ಒಂದು ಮರಿಗೆ ಒಂದು ಕಡಿತ. ಲೆಕ್ಕ ಚುಕ್ತಾ."

ಮೊದಲ ಹಂದಿ ಮರಿ ಬಾಲ ಕಚ್ಚಿತು. ಮುಳ್ಳಜ್ಜಿ ಚುಚ್ಚಿದಳು. ಮರಿ ಸುಮ್ಮನಿತ್ತು. "ಅಯ್ಯಯ್ಯೋ!" ಎಂದದ್ದು ನರಿ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಆಮೇಲೆ ಚುಚ್ಚಿಸಿಕೊಳ್ಳಲು ನೂಕುನುಗ್ಗಲು. ಒಂದು ಮುಂಗುಸಿ ಮರಿಯಂತೂ ಚುಚ್ಚಿಸಿಕೊಂಡ ಮೇಲೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಿತ್ತು. ಹಿಡಿದು ಎಳೆದು ತರಬೇಕಾಯಿತು.

ಕಡ್ಡಿಯ ಸರದಿ ಬಂತು. ಮುಳ್ಳಜ್ಜಿ ಅವನ ಎದೆಗೆ ಕಿವಿಯಿಟ್ಟಳು. ಹಣೆ ಮುಟ್ಟಿದಳು. ಮುಳ್ಳು ಕೆಳಗಿಟ್ಟಳು.

"ಇವನಿಗೆ ಇವತ್ತು ಬೇಡ. ಮೈ ಬಿಸಿ ಇದೆ, ಕಫ ಕಟ್ಟಿದೆ. ಒಂದು ತಿಂಗಳು ಹೋಗ್ಲಿ, ಮೈ ತುಂಬ್ಲಿ."

ದುಂಡವ್ವ ಕಡ್ಡಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಷ್ಟರಲ್ಲಿ ಜ್ವರ ಬಂದ್ರೆ?"

ಮುಳ್ಳಜ್ಜಿ ಸುತ್ತ ನಿಂತ ಮರಿಗಳನ್ನು ನೋಡಿದಳು. "ಜ್ವರ ಹಾರಿ ಬರಲ್ಲ ಮಗಳೇ. ಒಂದು ಮರಿಯಿಂದ ಇನ್ನೊಂದು ಮರಿಗೆ ದಾಟ್ತದೆ. ಇವನ ಸುತ್ತ ಇರೋರೆಲ್ಲ ಗುರುತಿನವರಾದ್ರೆ, ದಾಟೋಕೆ ಸೇತುವೆ ಎಲ್ಲಿ?"

ಚುಕ್ಕಿ ತನ್ನ ಮಗಳನ್ನು ಮುಂದೆ ತಂದಳು. ಅಲ್ಲಿಯವರೆಗೂ ಅವಳು ಹದಿನೈದನೇ ಪ್ರಶ್ನೆ ಯೋಚಿಸುತ್ತಾ ಹಿಂದೆ ನಿಂತಿದ್ದಳು. "ಚುಚ್ಚು ಅಜ್ಜಿ. ಇದು ಕಡ್ಡಿಯ ಮುಯ್ಯಿ" ಎಂದಳು.

ಇಪ್ಪತ್ತು ದಿನ ಕಳೆದು ಜ್ವರ ಬಂದೇಬಂತು. ಆಚೆ ಗುಡ್ಡದಿಂದ ನೀರು ಹುಡುಕಿಕೊಂಡು ಬಂದ ಜಿಂಕೆಗಳ ಕಣ್ಣು ಕೆಂಡವಾಗಿತ್ತು. ಕೆರೆಯ ದಂಡೆಯಲ್ಲಿ ಇಳಿದ ಜ್ವರ ಇರಲು ಮನೆ ಹುಡುಕುತ್ತಾ ಹೊರಟಿತು. ಚುಕ್ಕಿಯ ಮಗಳ ಹತ್ತಿರ ಹೋಯಿತು. ಮೈ ವಾಸನೆ ಹಿಡಿದು ಓಡಿಸಿತು. ಮುಂಗುಸಿ ಮರಿಗಳ ಹತ್ತಿರ ಹೋಯಿತು. ಅಲ್ಲೂ ಬಾಗಿಲು ಹಾಕಿತ್ತು. ಒಂದು ಕೋತಿ ಮರಿಯ ಮನೆಯಲ್ಲಿ ಅರ್ಧ ದಿನ ಕೂತು, ಊಟಕ್ಕೆ ಯಾರೂ ಕರೆಯದೆ ಎದ್ದು ಹೋಯಿತು.

ಎಲಚಿ ಪೊದೆಯ ನಡುವೆ ಕಡ್ಡಿ ಇದ್ದ. ಅವನ ಸುತ್ತ ಒಡಹುಟ್ಟಿದವರು. ಅವರ ಸುತ್ತ ಹುಣಸೆಮರದ ಮಕ್ಕಳು. ಅವನನ್ನು ಕೆರೆಗೆ ಬಿಡುತ್ತಿರಲಿಲ್ಲ. ಸರದಿ ಹಾಕಿಕೊಂಡು ಮುತ್ತುಗದ ಎಲೆಯ ದೊನ್ನೆಯಲ್ಲಿ ನೀರು ತಂದುಕೊಡುತ್ತಿದ್ದರು. ನರಿ ಮರಿಗಳೂ ತರುತ್ತಿದ್ದವು, ಅಪ್ಪನ ತಪ್ಪನ್ನು ಯಾರೂ ಅವುಗಳ ತಲೆಗೆ ಕಟ್ಟಿರಲಿಲ್ಲ. ದುಂಡವ್ವ ದಿನಾ ಬೆಳಿಗ್ಗೆ ಎದ್ದು ಮೊದಲು ಕಡ್ಡಿಯ ಕಣ್ಣು ನೋಡುತ್ತಿದ್ದಳು. ಬೆಳ್ಳಗಿದ್ದವು. ಮರುದಿನವೂ ಬೆಳ್ಳಗಿದ್ದವು. ಹತ್ತನೆಯ ದಿನ ಜ್ವರ ಬೇಸತ್ತು ಆ ಕಾಡು ಬಿಟ್ಟು ಹೋಯಿತು. ಕಡ್ಡಿಗೆ ಅದು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. "ಇಷ್ಟು ದಿನ ಯಾಕಮ್ಮ ಎಲ್ಲರೂ ನನ್ನ ಮೇಲೇ ಬಿದ್ಕೊಂಡಿದ್ರು? ಸೆಖೆ!" ಎಂದ.

ಅವತ್ತೇ ಹುಣಸೆಮರದ ಅಪ್ಪ ಅಮ್ಮಂದಿರು ರಾಜನ ಗುಹೆಗೆ ಹೋದರು.

"ಮಹಾರಾಜ, ನಮ್ಮ ಮಕ್ಕಳಿಗೆ ಚುಚ್ಚಿಸಿದೀವಿ" ಎಂದಳು ದುಂಡವ್ವ. "ಆದ್ರೆ ನಿನ್ನ ಆಜ್ಞೆಗೆ ಹೆದರಿ ಅಲ್ಲ. ತಿಳ್ಕೊಂಡು. ಕಿವಿ ಮಡಚಿ ನೋಡಿ ಮಕ್ಕಳನ್ನ ಶಾಲೆಯಿಂದ ಅಟ್ಟೋದು ನಿಲ್ಲಿಸು. ಮುಳ್ಳಜ್ಜಿ ಹುಣ್ಣಿಮೆಗೊಂದು ಸಲ ಹುಣಸೆಮರದ ಕೆಳಗೆ ಬಂದು ಕೂರ್ಲಿ. ಯಾರು ಏನು ಬೇಕಾದ್ರೂ ಕೇಳ್ಲಿ. ಜ್ವರ ಸುತ್ತಾಡೋ ದಿನ ಗುರುತಿಲ್ಲದ ಮರಿಗಳನ್ನ ಮನೆಯಲ್ಲೇ ಕಾಯೋ ಜವಾಬ್ದಾರಿ ನಮ್ಮದು."

"ಏನು ಉದ್ಧಟತನ!" ಎಂದು ಸಿಂಹರಾಜ ಗರ್ಜಿಸಿದ. "ಚುಚ್ಚಿಸಿಕೊಳ್ಳಲು ಹೆದರುವ ಹೇಡಿಗಳು ನೀವು! ನಿಮ್ಮ ಮಾತು ನಾನು..."

ಅಷ್ಟರಲ್ಲಿ ತಿಪ್ಪಜ್ಜಿ ಅವನ ಹೆಗಲೇರಿ ಕೂತಿದ್ದಳು. ಎದುರಿಗೆ ಅಷ್ಟು ದೊಡ್ಡ ಕೇಸರ ಇಟ್ಟುಕೊಂಡು ಅವಳ ಬೆರಳು ಸುಮ್ಮನಿರುತ್ತದೆಯೇ? ಕೂದಲು ಬಿಡಿಸಿದಳು. ಎಡಗಿವಿಯ ಹಿಂದೆ ನೋಡಿದಳು. ಬಲಗಿವಿಯ ಹಿಂದೆ ನೋಡಿದಳು.

"ರಾಜಪ್ಪ," ಎಂದಳು, "ಹೇನು ಬೇಕಾದಷ್ಟಿವೆ. ಗುರುತು ಮಾತ್ರ ಎಲ್ಲೂ ಇಲ್ವಲ್ಲೋ!"

ದಫೇದಾರ ಆಕಾಶ ನೋಡಿದ. ಕೆಂಚಣ್ಣ ನಗು ತಡೆಯಲಾರದೆ ತನ್ನ ಬಾಲವನ್ನೇ ಬಾಯಿಗೆ ತುರುಕಿಕೊಂಡ. ದುಂಡವ್ವ ಮಾತ್ರ ನಗಲಿಲ್ಲ. ಹೆದರಿಕೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಕೆಲಸ... ಕೆಲಸ ಜಾಸ್ತಿ ಇತ್ತು" ಎಂದ ಸಿಂಹರಾಜ, ಸಣ್ಣ ದನಿಯಲ್ಲಿ. "ಆ ಮುಳ್ಳು... ಬಹಳ ಉದ್ದ ಅಂತಾರೆ?"

"ನಾಳಿದ್ದು ಹುಣ್ಣಿಮೆ. ಬೆಳಿಗ್ಗೆ ಹುಣಸೆಮರಕ್ಕೆ ಬಾ ಮಹಾರಾಜ" ಎಂದಳು ದುಂಡವ್ವ. "ಮೊದಲು ಕೇಳು. ಆಮೇಲೆ ಚುಚ್ಚಿಸ್ಕೊಳ್ಳುವೆಯಂತೆ."

ಆಜ್ಞೆ ಅಂದೇ ವಾಪಸಾಯಿತು. ದಫೇದಾರ ಜೀವನದಲ್ಲಿ ಮೊದಲ ಸಲ ನೆಲಕ್ಕಿಳಿದು, ಮನೆ ಮನೆಗೆ ನಡೆದು ಹೇಳಿ ಬಂದ. ಅವನು ನಡೆಯುವುದನ್ನು ನೋಡಲೆಂದೇ ಜನ ಎರಡೆರಡು ಸಲ "ಏನಂದ್ರಿ?" ಎಂದು ಕೇಳಿದರು.

ಹುಣ್ಣಿಮೆಯ ಬೆಳಿಗ್ಗೆ ಹುಣಸೆಮರದ ಕೆಳಗೆ ಸಾಲು ನಿಂತಿತು. ಮೊದಲು ಕಡ್ಡಿ. ಈಗ ಅವನ ಮೈಯಲ್ಲಿ ಬಿಸಿಯಿಲ್ಲ, ಎದೆಯಲ್ಲಿ ಕಫವಿಲ್ಲ. ಹೊಟ್ಟೆಯೂ ಸ್ವಲ್ಪ ದುಂಡಗಾಗಿತ್ತು. ಅವನ ಹಿಂದೆ ಸಿಂಹರಾಜ, ಮುಳ್ಳನ್ನೇ ಕದ್ದು ಕದ್ದು ನೋಡುತ್ತಾ. ಅವನ ಹಿಂದೆ ನಿಲ್ಲಲು ಯಾರಿಗೂ ಧೈರ್ಯವಿರಲಿಲ್ಲ.

ಕಡ್ಡಿ ಹಿಂದಿರುಗಿ ನೋಡಿದ. "ಹೆದರ್ಬೇಡ ರಾಜಪ್ಪ. ಗುಬ್ಬಿ ಕುಕ್ಕಿದಂಗಂತೆ, ಅಷ್ಟೇ. ಬಾಲ ಕಚ್ಕೊಂಡ್ರೆ ಗೊತ್ತೇ ಆಗಲ್ವಂತೆ."

"ಬಾಲವೇ? ಯಾರ ಬಾಲ?"

ಕಡ್ಡಿ, ಕೊನೆಯ ಕಡಿತದ ಬಾಕಿಗೆ ಪಕ್ಕದಲ್ಲೇ ಕೂರಿಸಿದ್ದ ಬೆಣ್ಣೆರಾಯನ ಬಾಲ ಹಿಡಿದು ತೋರಿಸಿದ. ಕಾಡಿನ ಮಕ್ಕಳೆಲ್ಲ ಕಚ್ಚಿ ಅದು ಸವೆದ ಪೊರಕೆಯ ಹಾಗಾಗಿತ್ತು. ಕಡ್ಡಿ ತನ್ನ ಎರಡೇ ಎರಡು ಹಲ್ಲಿನಿಂದ ಅದನ್ನು ಕಚ್ಚಿದ. ಮುಳ್ಳಜ್ಜಿ ಚುಚ್ಚಿದಳು. ಆಯಿತು. ದುಂಡವ್ವ ತಡೆಹಿಡಿದಿದ್ದ ಉಸಿರು ಬಿಟ್ಟಳು. ಆ ಗಾಳಿಗೆ ಹುಣಸೆ ಎಲೆ ಉದುರಿದವು ಎನ್ನುತ್ತಾರೆ.

"ಮುಂದಿನವರು ಬನ್ನಿ" ಎಂದಳು ಮುಳ್ಳಜ್ಜಿ.

ಸಿಂಹರಾಜ ಕಣ್ಣು ಮುಚ್ಚಿದ. ಬಾಯಿ ಅಗಲ ತೆರೆದ. ಅದರೊಳಗೆ ಒಂದೊಂದು ಹಲ್ಲು ಒಂದೊಂದು ಬಾಳೆಹಣ್ಣಿನಷ್ಟಿತ್ತು. "ಎಲ್ಲಿ, ಆ ಬಾಲ ಕೊಡಿ" ಎಂದ.

ಬೆಣ್ಣೆರಾಯ ಆ ಬಾಯಿ ನೋಡಿದ. ತನ್ನ ಬಾಲ ನೋಡಿದ. ಎದ್ದು ಓಟ ಕಿತ್ತ. ಕೆರೆ ದಾಟಿದ, ಗುಡ್ಡ ದಾಟಿದ. ಸಿಂಹರಾಜ ತನ್ನ ಬಾಲವನ್ನೇ ಕಚ್ಚಿಕೊಂಡು ಚುಚ್ಚಿಸಿಕೊಳ್ಳಬೇಕಾಯಿತು. ಬೆಣ್ಣೆರಾಯ ಮರಿಗಳನ್ನು ಕರೆದುಕೊಂಡು ಹೋಗಲು ವಾಪಸು ಬಂದದ್ದು ಮೂರು ದಿನದ ಮೇಲೆ, ಅದೂ ಹಿಂಗಾಲು ಸಂದಿಗೆ ಬಾಲ ಸೇರಿಸಿಕೊಂಡು. ಅವನು ಬರುವವರೆಗೆ ಮರಿಗಳನ್ನು ಸಾಕಿದವರು ಹುಣಸೆಮರದವರೇ. ಆ ಮುಯ್ಯಿಯನ್ನು ಅವನು ಇನ್ನೂ ತೀರಿಸುತ್ತಿದ್ದಾನೆ, ದಿನಾ ಮಕ್ಕಳಿಗೆ ದೊನ್ನೆಯಲ್ಲಿ ನೀರು ಹೊತ್ತು.

ನೀತಿ: ಮಕ್ಕಳಿಗಾಗಿ ಪ್ರಶ್ನೆ ಕೇಳುವುದು ತಪ್ಪಲ್ಲ, ಕೇಳಿದವರ ಬಾಯಿ ಮುಚ್ಚಿಸುವುದು ತಪ್ಪು, ಆದರೆ ಉತ್ತರವನ್ನು ಬಲ್ಲವರ ಹತ್ತಿರ ಕೇಳಬೇಕೇ ಹೊರತು, ನಮ್ಮ ಭಯದಿಂದ ಹೊಟ್ಟೆ ಹೊರೆಯುವವರ ಹತ್ತಿರ ಅಲ್ಲ.